ಲೇಹ್ ಟಿಕೆಟ್ ಮೊದಲು, ಹುಬ್ಬಳ್ಳಿ ಟಿಕೆಟ್ ಆಮೇಲೆ

ಪ್ರಶ್ನೆ: ನಾನು ಗದಗದಲ್ಲಿ ಶಿಕ್ಷಕಿ. ಮೇ ರಜೆಯಲ್ಲಿ ಲಡಾಖ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ನಾನು, ಯಜಮಾನರು, ಹತ್ತು ವರ್ಷದ ಮಗ, 68 ವರ್ಷದ ಅತ್ತೆ. ಅತ್ತೆಯವರಿಗೆ ಬಿಪಿ ಇದೆ, ಮಾತ್ರೆ ತಗೊಳ್ತಾರೆ. ಶನಿವಾರ ಹುಬ್ಬಳ್ಳಿಯಿಂದ ದಿಲ್ಲಿ, ರಾತ್ರಿ ಏರ್‌ಪೋರ್ಟ್‌ನಲ್ಲೇ ಕಳೆದು ಭಾನುವಾರ ಬೆಳಗ್ಗೆ ಲೇಹ್. ಸೋಮವಾರ ಪ್ಯಾಂಗಾಂಗ್ ಸರೋವರ, ಆಮೇಲೆ ನುಬ್ರಾ ಕಣಿವೆ. ಮುಂದಿನ ಶನಿವಾರ ಬೆಳಗ್ಗೆ ಲೇಹ್ ಬಿಟ್ಟು, ಅದೇ ಮಧ್ಯಾಹ್ನ ದಿಲ್ಲಿಯಿಂದ ಹುಬ್ಬಳ್ಳಿ. ಸೋಮವಾರ ಶಾಲೆ ಶುರು. ಬೇರೆ ಬೇರೆ ಟಿಕೆಟ್ ತೆಗೆದರೆ ಅಗ್ಗ ಬೀಳುತ್ತಿದೆ, ಗೋವಾದಿಂದ ಇನ್ನೂ ಅಗ್ಗ. ಹೀಗೆ ಮಾಡಬಹುದಾ? ಆಕ್ಸಿಜನ್ ಡಬ್ಬಿ ಇಲ್ಲಿಂದಲೇ ಒಯ್ಯಬೇಕಾ?

ಉತ್ತರ: ಅಕ್ಕೋರೆ, ಹೋಗಬಹುದು. ಆದರೆ ನೀವು ಬರೆದ ಹಾಗೆ ಬೇಡ. ನಿಮ್ಮ ಪ್ಲ್ಯಾನ್‌ನಲ್ಲಿ ಎರಡು ಕಡೆ ನನಗೆ ಕಣ್ಣು ನಿಂತಿತು. ಒಂದು, ಸೋಮವಾರದ ಪ್ಯಾಂಗಾಂಗ್. ಇನ್ನೊಂದು, ಕೊನೆಯ ಶನಿವಾರದ ಮಧ್ಯಾಹ್ನ. ಮೊದಲನೆಯದರಲ್ಲಿ ಅತ್ತೆಯವರ ಆರೋಗ್ಯಕ್ಕೇ ಅಪಾಯ, ಎರಡನೆಯದರಲ್ಲಿ ನಿಮ್ಮ ದುಡ್ಡಿಗೂ ಸೋಮವಾರದ ಹಾಜರಿಗೂ ಸಂಚಕಾರ.

ಹುಬ್ಬಳ್ಳಿಯಲ್ಲಿ ಟಿಕೆಟ್ ಮಾಡಿಕೊಡುವ ಕೆಲಸದಲ್ಲಿ ಇರುವವನು ನಾನು. ಲಡಾಖ್ ಅಂತ ಬರುವವರಲ್ಲಿ ಬಹಳ ಜನ ಮೊದಲು ಕೇಳುವುದು ಹುಬ್ಬಳ್ಳಿ–ದಿಲ್ಲಿ ರೇಟು. ನಾನು ಆ ಟಿಕೆಟನ್ನು ಕೊನೆಗೆ ಇಡಿ ಅನ್ನುತ್ತೇನೆ. ಈ ಪ್ರಯಾಣದಲ್ಲಿ ಹೇಳಿದ ದಿನ ಹಾರುತ್ತದೋ ಇಲ್ಲವೋ ಅನ್ನುವ ವಿಮಾನ ಲೇಹ್‌ದು. ಅದನ್ನು ಮೊದಲು ಹಿಡಿಯಬೇಕು, ಅದರ ಎರಡೂ ಕಡೆ ಜಾಗ ಬಿಡಬೇಕು, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ಹುಬ್ಬಳ್ಳಿ ಟಿಕೆಟ್ ಅಗ್ಗ ಸಿಕ್ಕಿತು ಅಂತ ಮೊದಲು ಅದನ್ನು ತೆಗೆದು, ಆಮೇಲೆ ಲೇಹ್‌ದನ್ನು ಅದರೊಳಗೆ ತುರುಕಲು ಹೋದರೆ ನಿಮ್ಮ ಶನಿವಾರದ ಹಾಗೆ ಆಗುತ್ತದೆ.

ಲೇಹ್ ವಿಮಾನ ಯಾಕೆ ಹೀಗೆ? ನಿಲ್ದಾಣ ಇರುವುದೇ 3,256 ಮೀಟರ್ ಎತ್ತರದಲ್ಲಿ. ನಮ್ಮ ಹುಬ್ಬಳ್ಳಿ 700 ಮೀಟರ್ ಕೂಡ ಮುಟ್ಟುವುದಿಲ್ಲ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್ನಿಗೂ ಬಲ ಕಡಿಮೆ. ಬಿಸಿಲು ಏರಿದರೆ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಜೋರು ಗಾಳಿ ಬೇರೆ ಏಳುತ್ತದೆ. ಸುತ್ತ ಬೆಟ್ಟ ಇರುವುದರಿಂದ ವಿಮಾನಗಳು ಒಂದು ಕಡೆಯಿಂದಲೇ ಇಳಿದು ಅದೇ ಕಡೆಗೇ ಏರುತ್ತವೆ, ಗಾಳಿ ಅನುಕೂಲ ಇಲ್ಲ ಅಂತ ಇನ್ನೊಂದು ತುದಿಯಿಂದ ಇಳಿಯುವ ಹಾಗಿಲ್ಲ. ಇಲ್ಲಿಗೆ ಹಾರಿಸುವ ಪೈಲಟ್‌ಗಳಿಗೆ ಬೇರೆಯೇ ತರಬೇತಿ ಆಗಿರಬೇಕು. ಹಾಗಾಗಿ ವಿಮಾನಗಳೆಲ್ಲ ಬಹುತೇಕ ಬೆಳಗಿನ ಕೆಲವೇ ಗಂಟೆಗಳಲ್ಲಿ ಬಂದು ಹೋಗಿ ಮುಗಿಯುತ್ತವೆ. ಬೆಳಗ್ಗೆ ಮೋಡ ಕವಿದು ಆ ಹೊತ್ತು ತಪ್ಪಿತೋ, ಸಂಜೆ ನೋಡೋಣ ಅನ್ನುವ ಮಾತಿಲ್ಲ, ನಾಳೆಯೇ. ನಾಳೆಯ ವಿಮಾನ ಮೊದಲೇ ತುಂಬಿರುತ್ತದೆ. ಮೇ, ಜೂನ್‌ನಲ್ಲಂತೂ ಕೇಳುವುದೇ ಬೇಡ. ಚಳಿಗಾಲದ ಹಿಮ ಒಂದೇ ತೊಂದರೆ ಅಂದುಕೊಳ್ಳಬೇಡಿ. 2024ರ ಜುಲೈ ಕೊನೆಯಲ್ಲಿ ಲೇಹ್‌ನಲ್ಲಿ ಸೆಕೆ ಜಾಸ್ತಿಯಾಗಿ ವಿಮಾನಗಳು ರದ್ದಾದವು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ನಿಮ್ಮ ಮಗನಿಗೆ ಖುಷಿಯಾಗಬಹುದು. ಲೇಹ್‌ನಲ್ಲಿ ಮೊದಲ ವಿಮಾನ ಇಳಿದದ್ದು 1948ರ ಮೇ ತಿಂಗಳಲ್ಲಿ. ಡಕೋಟಾ ವಿಮಾನ, ಹಾರಿಸಿದವರು ಏರ್ ಕಮಡೋರ್ ಮೆಹರ್ ಸಿಂಗ್. ಅವರ ಜೊತೆ ಅದರಲ್ಲಿ ಕೂತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅವಸರದಲ್ಲಿ ಆ ರನ್‌ವೇ ಮಾಡಿಕೊಟ್ಟವರು ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು. ಇವತ್ತು ಲೇಹ್‌ನ ದೊಡ್ಡ ಸರ್ಕಾರಿ ಆಸ್ಪತ್ರೆ ಅವರ ಹೆಸರಿನಲ್ಲೇ ಇದೆ, ಎಸ್‌ಎನ್‌ಎಂ ಆಸ್ಪತ್ರೆ ಅನ್ನುತ್ತಾರೆ. ಆ ಹೆಸರು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಕೊನೆಯ ಶನಿವಾರಕ್ಕೆ ಬರೋಣ. ಲೇಹ್–ದಿಲ್ಲಿ ಒಂದು ಟಿಕೆಟ್, ದಿಲ್ಲಿ–ಹುಬ್ಬಳ್ಳಿ ಇನ್ನೊಂದು ಟಿಕೆಟ್, ಎರಡಕ್ಕೂ ಬೇರೆ ಬೇರೆ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್. ಲೇಹ್ ವಿಮಾನ ತಡವಾಗಿ ನೀವು ಹುಬ್ಬಳ್ಳಿ ವಿಮಾನ ತಪ್ಪಿಸಿಕೊಂಡರೆ, ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಸುಮ್ನೆ ಬಾರದೇ ಇದ್ದ ಪ್ರಯಾಣಿಕರು. ಲೇಹ್‌ನಲ್ಲಿ ಮೋಡ ಇತ್ತು ಅಂದರೆ ಅವರಿಗೇನು? ಎರಡೂ ಒಂದೇ ಕಂಪನಿಯ ವಿಮಾನ ಆಗಿದ್ದರೂ ಪಿಎನ್‌ಆರ್ ಬೇರೆ ಇದ್ದರೆ ಅಷ್ಟೇ ಕಥೆ. ನಾಲ್ಕು ಜನರಿಗೆ ಅವತ್ತಿನ ರೇಟಿನಲ್ಲಿ ಹೊಸ ಟಿಕೆಟ್ ತೆಗೆಯುವಾಗ, ಉಳಿಸಿದ ಎರಡು ಸಾವಿರ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಅದೇ ಒಂದೇ ಪಿಎನ್‌ಆರ್‌ನಲ್ಲಿ ಹುಬ್ಬಳ್ಳಿವರೆಗೂ ಬುಕ್ ಆಗಿದ್ದರೆ, ಮೊದಲನೆಯದು ತಡವಾದರೂ ನಿಮ್ಮನ್ನು ಮುಂದಿನ ವಿಮಾನದಲ್ಲಿ ಕಳಿಸುವುದು ಅವರ ಹೊಣೆ.

ಸಾಮಾನಿನ ಕಥೆಯೂ ಇದೆ. ಟಿಕೆಟ್ ಬೇರೆ ಇದ್ದರೆ ದಿಲ್ಲಿಯಲ್ಲಿ ಬ್ಯಾಗ್ ಬರುವ ತನಕ ಬೆಲ್ಟಿನ ಮುಂದೆ ಕಾದು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಬ್ಯಾಗ್ ಕೊಡಬೇಕು. ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ದಿಲ್ಲಿಯಲ್ಲಿ ಟರ್ಮಿನಲ್ 1 ಒಂದು ಕಡೆ, 2 ಮತ್ತು 3 ಇನ್ನೊಂದು ಕಡೆ, ನಡುವೆ ಬಸ್ಸೋ ಟ್ಯಾಕ್ಸಿಯೋ ಹಿಡಿದು ಹೋಗುವಷ್ಟು ದೂರ. ಯಾವ ವಿಮಾನ ಯಾವ ಟರ್ಮಿನಲ್ ಅನ್ನುವುದೂ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆದ ದಿನ ನೋಡಿದ್ದನ್ನು ನಂಬಬೇಡಿ, ಹೊರಡುವ ಹಿಂದಿನ ದಿನ ಮತ್ತೆ ನೋಡಿ.

ಹವಾಮಾನದಿಂದ ವಿಮಾನ ರದ್ದಾದರೆ ಏನು ಸಿಗುತ್ತದೆ ಅಂತಲೂ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಬೇರೆ ವಿಮಾನದಲ್ಲಿ ಸೀಟು ಅಥವಾ ಪೂರ್ತಿ ಹಣ ವಾಪಸ್, ಇವೆರಡರಲ್ಲಿ ಒಂದು ನಿಮ್ಮ ಹಕ್ಕು. ಅದರ ಮೇಲೆ ಪರಿಹಾರ ಅಂತ ಸಿಗುವುದಿಲ್ಲ, ಯಾಕೆಂದರೆ ಹವಾಮಾನ ಕಂಪನಿಯ ಕೈಯಲ್ಲಿಲ್ಲ. ಹೋಟೆಲ್ ಖರ್ಚೂ ನಿಮ್ಮದೇ ಅಂತ ಇಟ್ಟುಕೊಳ್ಳಿ. ಒಂದು ಸಣ್ಣ ಬುದ್ಧಿವಂತಿಕೆ: ರದ್ದು ಅಂತ ಮೆಸೇಜ್ ಬಂದ ಕೂಡಲೇ ಹಣ ವಾಪಸ್ ಅನ್ನುವ ಬಟನ್ ಒತ್ತಬೇಡಿ. ಒತ್ತಿದರೆ ನಿಮ್ಮ ಸೀಟಿನ ಹಕ್ಕು ಅಲ್ಲಿಗೆ ಮುಗಿಯಿತು. ಹಾವೇರಿ ಕಡೆಯ ಒಂದು ಕುಟುಂಬ ಲೇಹ್‌ನಲ್ಲಿ ಹೀಗೇ ಸಿಟ್ಟಿನಲ್ಲಿ ಹಣ ವಾಪಸ್ ತಗೊಂಡರು. ಅದೇ ಕಂಪನಿ ಮರುದಿನ ಹೆಚ್ಚುವರಿ ವಿಮಾನ ಬಿಟ್ಟಿತು, ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವರು ಅದರಲ್ಲಿ ಹತ್ತಿ ಹೋದರು, ಇವರು ಟ್ಯಾಕ್ಸಿ ಮಾಡಿಕೊಂಡು ಕಾರ್ಗಿಲ್ ಮೇಲೆ ಶ್ರೀನಗರ ಸೇರಿದರು. ದಾರಿ ಚೆನ್ನಾಗಿತ್ತು ಅಂತ ಬಂದು ಹೇಳಿದರು, ಖರ್ಚಿನ ಮಾತು ಮಾತ್ರ ಎತ್ತಲಿಲ್ಲ.

ಹಾಗಾದರೆ ಏನು ಮಾಡಬೇಕು? ಸೋಮವಾರ ನೀವು ಶಾಲೆಯಲ್ಲಿ ಇರಲೇಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ. ಭಾನುವಾರ ಖಾಲಿ ಇರಲಿ. ಶನಿವಾರ ದಿಲ್ಲಿ–ಹುಬ್ಬಳ್ಳಿ. ಶುಕ್ರವಾರ ಬೆಳಗ್ಗೆ ಲೇಹ್ ಬಿಡಿ, ಅವತ್ತು ರಾತ್ರಿ ದಿಲ್ಲಿಯಲ್ಲಿ ಉಳಿಯಿರಿ. ಶುಕ್ರವಾರ ಹಾರದಿದ್ದರೆ ಶನಿವಾರ ಬೆಳಗ್ಗೆ ಪ್ರಯತ್ನಿಸಬಹುದು, ಆಗಲೂ ಭಾನುವಾರ ಊರು ಸೇರುವ ದಾರಿ ಇರುತ್ತದೆ. ಎಲ್ಲ ಸರಿಯಾಗಿ ನಡೆದರೆ ಶುಕ್ರವಾರ ಮಧ್ಯಾಹ್ನದಿಂದ ದಿಲ್ಲಿ ನೋಡಿ, ಮೇ ಬಿಸಿಲಲ್ಲಿ ಕೆಂಪುಕೋಟೆ ಸುತ್ತುವುದು ಬೇಡ, ಸಂಜೆ ಇಂಡಿಯಾ ಗೇಟ್ ಸಾಕು. ಹೋಗುವಾಗಿನ ಶನಿವಾರ ರಾತ್ರಿಯನ್ನೂ ಏರ್‌ಪೋರ್ಟ್ ಕುರ್ಚಿಯ ಮೇಲೆ ಕಳೆಯಬೇಡಿ. ಮಹಿಪಾಲಪುರದಲ್ಲಿ ಏರ್‌ಪೋರ್ಟ್ ಹತ್ತಿರವೇ ಸಾಧಾರಣ ಹೋಟೆಲ್‌ಗಳು ಬೇಕಾದಷ್ಟಿವೆ. ನಿದ್ದೆಗೆಟ್ಟು ಲೇಹ್‌ನಲ್ಲಿ ಇಳಿದರೆ ಅರ್ಧ ಕಾಯಿಲೆ ಅಲ್ಲೇ ಶುರು.

ಇನ್ನು ಅತ್ತೆಯವರ ವಿಷಯ. ಇದಕ್ಕೆ ಟಿಕೆಟ್‌ಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಿ. ದಿಲ್ಲಿಯಿಂದ ಲೇಹ್ ಒಂದೂಕಾಲು, ಒಂದೂವರೆ ಗಂಟೆಯ ಹಾರಾಟ. ಆ ಹೊತ್ತಿನಲ್ಲಿ ದೇಹ ಸುಮಾರು 200 ಮೀಟರಿನಿಂದ ಮೂರು ಸಾವಿರ ದಾಟಿದ ಎತ್ತರಕ್ಕೆ ಹೋಗಿಬಿಡುತ್ತದೆ. ಲೇಹ್ ಊರು ಸುಮಾರು 3,500 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ದೇಹಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ಅದಕ್ಕೆ ಯಾವ ಶಾರ್ಟ್‌ಕಟ್ಟೂ ಇಲ್ಲ. ಇಳಿದ ಮೇಲೆ ಪೂರ್ತಿ 48 ಗಂಟೆ ಲೇಹ್ ಬಿಟ್ಟು ಮೇಲೆ ಹೋಗಬೇಡಿ ಅಂತ ಅಲ್ಲಿನ ಆಡಳಿತವೇ ಹೇಳುತ್ತದೆ. ನೀವು 24 ಗಂಟೆಯಲ್ಲಿ 4,250 ಮೀಟರ್ ಎತ್ತರದ ಪ್ಯಾಂಗಾಂಗ್‌ಗೆ, ಅದೂ ಐದು ಸಾವಿರ ಮೀಟರ್ ದಾಟಿದ ಚಾಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ದಾರಿ) ಹತ್ತಿ ಇಳಿದು, ಹೊರಟಿದ್ದೀರಿ. ಯಾರು ಹಾಕಿಕೊಟ್ಟರು ಈ ಪ್ಯಾಕೇಜ್?

ಮೊದಲ ದಿನ ತಮಾಷೆ ಇರುತ್ತದೆ ನೋಡ್ರಿ. ಇಳಿದ ಕೂಡಲೇ ಏನೂ ಆಗುವುದಿಲ್ಲ. ತಂಪು ಗಾಳಿ, ನೀಲಿ ಆಕಾಶ, ಎಲ್ಲರೂ ಹುರುಪಿನಲ್ಲಿ ಇರುತ್ತಾರೆ, ಬಜಾರಿಗೆ ಹೋಗೋಣ ಅನ್ನುತ್ತಾರೆ. ತಲೆನೋವು ಶುರುವಾಗುವುದು ಸಂಜೆ ಅಥವಾ ರಾತ್ರಿ. ಹಾಗಾಗಿ ಆ ಹುರುಪನ್ನು ನಂಬಬೇಡಿ. ರೂಮಿನಲ್ಲಿ ಮಲಗಿ, ಬಿಸಿ ನೀರು ಕುಡಿಯಿರಿ, ಸ್ವಲ್ಪ ಸ್ವಲ್ಪ ಉಣ್ಣಿ. ಮಗ ಮೆಟ್ಟಿಲು ಹತ್ತಿ ಇಳಿದು ಆಡುವುದನ್ನು ತಡೆಯುವುದು ನಿಮ್ಮ ಕೆಲಸ, ಅದು ಕ್ಲಾಸ್ ಸಂಭಾಳಿಸುವುದಕ್ಕಿಂತ ಕಷ್ಟ.

ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು, ನಿದ್ದೆ ಬಾರದಿರುವುದು, ಇವು ಇದ್ದರೆ ಇನ್ನೂ ಮೇಲೆ ಹೋಗಬಾರದು ಅಂತ ಅರ್ಥ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬೇರೆ ಗುಡ್ಡಗಾಡಿನಲ್ಲಿ ತಕ್ಷಣ ಕೆಳಗಿಳಿಯಿರಿ ಅನ್ನುತ್ತಾರೆ. ಲೇಹ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ. ಶ್ರೀನಗರದ ದಾರಿ 4,108 ಮೀಟರಿನ ಫೋಟು ಲಾ ಹತ್ತುತ್ತದೆ, ಮನಾಲಿ ದಾರಿ ಅದಕ್ಕಿಂತ ಎತ್ತರ. ನಿಜವಾಗಿ ಕೆಳಗಿಳಿಸುವುದು ವಿಮಾನವೇ, ಅದು ಬೆಳಗ್ಗೆ ಮಾತ್ರ. ಅದಕ್ಕೇ ಹೇಳುವುದು, ಮೊದಲ ಎರಡು ದಿನ ಹಾಳಾಯಿತು ಅಂದುಕೊಳ್ಳಬೇಡಿ.

ಎತ್ತರದ ಈ ತೊಂದರೆ ಬಾರದಿರಲಿ ಅಂತ ತಗೊಳ್ಳುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಯಾರಾದರೂ ಹೇಳಿಯೇ ಹೇಳಿರುತ್ತಾರೆ. ಅಸಿಟಜೋಲಮೈಡ್ ಅಂತ ಔಷಧಿಯ ಹೆಸರು. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಲೇಹ್‌ಗೆ ಹಾರುವ ಹಿಂದಿನ ದಿನದಿಂದ ಶುರು. ಆದರೆ ಸಲ್ಫಾ ಔಷಧಿ ಒಗ್ಗದವರು ತಗೊಳ್ಳುವ ಹಾಗಿಲ್ಲ, ಮಕ್ಕಳಿಗೆ ತೂಕದ ಮೇಲೆ ಪ್ರಮಾಣ, ಬಿಪಿ ಮಾತ್ರೆಯ ಜೊತೆ ಹೊಂದುತ್ತದೋ ಇಲ್ಲವೋ ಡಾಕ್ಟರ್ ನೋಡಬೇಕು. ಎತ್ತರದಲ್ಲಿ ಮೊದಲ ದಿನಗಳಲ್ಲಿ ಬಿಪಿ ಏರುವುದೂ ಉಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡು ಬರಬೇಡಿ. ಅತ್ತೆಯವರನ್ನು ಮಾಮೂಲಿ ನೋಡುವ ಡಾಕ್ಟರ್ ಹತ್ತಿರ ಕರೆದೊಯ್ದು, ಲೇಹ್‌ಗೆ, ವಿಮಾನದಲ್ಲಿ, 3,500 ಮೀಟರ್ ಅಂತ ಬಿಡಿಸಿ ಹೇಳಿ. ಸುಮ್ನೆ ಉತ್ತರ ಭಾರತ ಟೂರ್ ಅಂದರೆ ಕಾಶಿ ಯಾತ್ರೆ ಅಂದುಕೊಂಡು ಹೋಗಿಬನ್ನಿ ಅಂದುಬಿಡುತ್ತಾರೆ. ಡಾಕ್ಟರ್ ಬೇಡ ಅಂದರೆ ಬೇಡ. ಹಾಗಾಗಿ ಆ ಭೇಟಿ ಟಿಕೆಟ್‌ಗಿಂತ ಮೊದಲು ಆಗಲಿ.

ಆಕ್ಸಿಜನ್ ಡಬ್ಬಿ ಒಯ್ಯಬೇಡಿ. ಒತ್ತಡದಲ್ಲಿ ತುಂಬಿದ ಅನಿಲ ಅದು, ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲೂ ಬಿಡುವುದಿಲ್ಲ. ಲೇಹ್‌ನಲ್ಲೇ ಸಿಗುತ್ತದೆ. ಆ ಸಣ್ಣ ಡಬ್ಬಿ ಕೆಲವು ನಿಮಿಷದ ಸಮಾಧಾನ ಅಷ್ಟೇ, ಚಿಕಿತ್ಸೆ ಅಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಇಟ್ಟುಕೊಳ್ಳಿ, ಆದರೆ ಗದಗದಲ್ಲಿ 97, 98 ತೋರಿಸುವುದು ಅಲ್ಲಿ 90ರ ಕೆಳಗೆ ತೋರಿಸಬಹುದು. ಅಂಕಿ ನೋಡಿ ಗಾಬರಿಯಾಗುವುದಕ್ಕಿಂತ ಅತ್ತೆಯವರ ಮುಖ, ಮಾತು, ನಡಿಗೆ ನೋಡಿ.

ಊರು ಸುತ್ತುವುದನ್ನು ನಾನಾದರೆ ಹೀಗೆ ಹಾಕುತ್ತೇನೆ. ಭಾನುವಾರ ಪೂರ್ತಿ ವಿಶ್ರಾಂತಿ. ಸೋಮವಾರ ಸಂಜೆ ಬಜಾರ್, ಶಾಂತಿ ಸ್ತೂಪಕ್ಕೆ ಕಾರಿನಲ್ಲೇ. ಮಂಗಳವಾರ ಸಿಂಧೂ ನದಿಯ ಜೊತೆ ಪಶ್ಚಿಮಕ್ಕೆ ಹೋಗಿ, ನಿಮ್ಮು ಹತ್ತಿರ ಸಿಂಧೂ ಮತ್ತು ಝಂಸ್ಕಾರ್ ಕೂಡುವ ಜಾಗ, ಮುಂದೆ ಅಲ್ಚಿಯ ಹಳೆಯ ಬೌದ್ಧ ಮಂದಿರ. ಆ ದಾರಿ ಲೇಹ್‌ಗಿಂತ ಕೆಳಗಿದೆ, ದೇಹಕ್ಕೂ ಹಿತ. ಬುಧವಾರ ಎಲ್ಲರೂ ಆರಾಮಿದ್ದರೆ ಮಾತ್ರ ನುಬ್ರಾ. ನಡುವೆ 5,359 ಮೀಟರಿನ ಖಾರ್‌ದುಂಗ್ ಲಾ ಬರುತ್ತದೆ. ಅಲ್ಲಿ ಬೋರ್ಡಿನ ಮುಂದೆ ಫೋಟೋ ತೆಗೆದು ಬೇಗ ಇಳಿಯಿರಿ, ಚಹಾ ಕುಡಿಯುತ್ತಾ ಕೂರಬೇಡಿ. ಮಲಗುವ ಜಾಗ ದಿಸ್ಕಿಟ್, ಹುಂಡರ್ ಸುಮಾರು 3,100 ಮೀಟರ್, ಅದು ತೊಂದರೆ ಇಲ್ಲ. ಗುರುವಾರ ವಾಪಸ್ ಲೇಹ್. ಪ್ಯಾಂಗಾಂಗ್ ಈ ಸಲ ಬಿಡಿ. ಮಗನಿಗೆ ಬೇಜಾರಾಗುತ್ತದೆ, ಗೊತ್ತು. ಹತ್ತಾರು ರೀಲ್ಸ್ ನೋಡಿರುತ್ತಾನೆ. ಆದರೆ ಏಳು ದಿನದಲ್ಲಿ, ಅಜ್ಜಿಯ ಜೊತೆ, ಎರಡೂ ಆಗುವುದಿಲ್ಲ.

ಗೋವಾದಿಂದ ಅಗ್ಗ ಅಂದಿರಿ. ಯಾವ ಗೋವಾ? ದಾಬೋಲಿಂ ಒಂದು, 2023ರ ಜನವರಿಯಲ್ಲಿ ಶುರುವಾದ ಮೋಪಾ ಇನ್ನೊಂದು. ಎರಡರ ನಡುವೆ ಸಾಕಷ್ಟು ದೂರ ಇದೆ. ಗದಗದಿಂದ ನಾಲ್ಕು ಜನ ಕಾರು ಮಾಡಿಕೊಂಡು ಘಾಟ್ ಇಳಿದು ಹೋಗಿ ಬರುವ ಖರ್ಚು ಸೇರಿಸಿ ನೋಡಿ, ಅಗ್ಗ ಉಳಿಯುವುದು ಅನುಮಾನ. ಬೆಳಗಾವಿ ನೋಡುವುದು ಅದಕ್ಕಿಂತ ಮೇಲು, ಧಾರವಾಡದಿಂದ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟುತ್ತೀರಿ. ಇಲ್ಲವೆಂದರೆ ವಂದೇ ಭಾರತ್ ಹಿಡಿದು ಬೆಂಗಳೂರು, ಅಲ್ಲಿಂದ ದಿಲ್ಲಿಗೆ ದಿನವಿಡೀ ವಿಮಾನ. ಹುಬ್ಬಳ್ಳಿಯಿಂದ ದಿಲ್ಲಿಗೆ ಹೋಗುವ ವಿಮಾನಗಳು ಕೈಬೆರಳಿನಲ್ಲಿ ಎಣಿಸುವಷ್ಟು, ಒಂದು ತಪ್ಪಿದರೆ ಅವತ್ತು ಇನ್ನೊಂದು ಸಿಗುವುದು ಕಷ್ಟ. ಮತ್ತೆ ವಿಮಾನದ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಿಂದ ಬದಲಾಗುತ್ತದೆ, ಜನವರಿಯಲ್ಲೇ ಮೇ ಟಿಕೆಟ್ ತೆಗೆದವರು ಏಪ್ರಿಲ್‌ನಲ್ಲಿ ಒಮ್ಮೆ ಸಮಯ ಸರಿನೋಡಿಕೊಳ್ಳಿ. ಇನ್ನೊಂದು, ಅಗ್ಗದ ಟಿಕೆಟ್‌ನಲ್ಲಿ ದಿಲ್ಲಿ ಅಂತ ಇದ್ದರೂ ಇಳಿಯುವುದು ಗಾಜಿಯಾಬಾದ್ ಕಡೆಯ ಹಿಂಡನ್ ಆಗಿರಬಹುದು. ಲೇಹ್ ವಿಮಾನ ಇನ್ನೊಂದು ನಿಲ್ದಾಣದಿಂದ ಹೊರಡುವುದಾದರೆ ನಡುರಾತ್ರಿ ದಿಲ್ಲಿ ದಾಟಿ ಓಡಬೇಕು.

ಈಗ ಫೋನು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ವಿಮಾನ ರದ್ದು, ಸಮಯ ಬದಲು ಅಂತ ಕಂಪನಿ ಮೆಸೇಜ್ ಕಳಿಸುವುದು ಬುಕ್ ಮಾಡುವಾಗ ಕೊಟ್ಟ ನಂಬರಿಗೆ. ಆ ನಂಬರ್ ಲೇಹ್‌ನಲ್ಲಿ ಸತ್ತು ಬಿದ್ದಿದ್ದರೆ ಬೆಳಗ್ಗೆ ಐದಕ್ಕೆ ಎದ್ದು ಏರ್‌ಪೋರ್ಟ್‌ಗೆ ಹೋಗಿ ಬಾಗಿಲಲ್ಲಿ ತಿಳಿಯುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರ ನಂಬರನ್ನು ಪೋಸ್ಟ್‌ಪೇಯ್ಡ್ ಮಾಡಿಸಿ, ಅದನ್ನೇ ಟಿಕೆಟ್‌ಗೆ ಕೊಡಿ. ಏಜೆಂಟ್ ಮೂಲಕ ತೆಗೆದರೆ ಅವರು ತಮ್ಮ ನಂಬರ್ ಹಾಕಿರುತ್ತಾರೆ, ಬದಲಾಯಿಸಲು ಹೇಳಿ. ನುಬ್ರಾದಲ್ಲಿ ನೆಟ್‌ವರ್ಕ್ ನಂಬಿಕೊಂಡು ಇರಬೇಡಿ, ನಗದು ಇಟ್ಟುಕೊಳ್ಳಿ, ಫೋನ್‌ಪೇ ಎಲ್ಲ ಕಡೆ ನಡೆಯುವುದಿಲ್ಲ.

ಸಾಮಾನು ಕಡಿಮೆ ಇರಲಿ. ಲೇಹ್‌ನಿಂದ ಏಳುವ ವಿಮಾನ ಪೂರ್ತಿ ಭಾರ ಹೊರಲಾರದು, ಹಾಗಾಗಿ ತೂಕದಲ್ಲಿ ಅಲ್ಲಿ ಸಡಿಲ ಕೊಡುವುದಿಲ್ಲ. ಸೈನ್ಯದ ನಿಲ್ದಾಣ ಅದು, ತಪಾಸಣೆ ಬಿಗಿ, ಫೋಟೋ ತೆಗೆಯುವ ಹಾಗಿಲ್ಲ. ವಾಪಸ್ ಬರುವಾಗ ಎರಡೂವರೆ, ಮೂರು ಗಂಟೆ ಮುಂಚೆ ಹೋಗಿ. ಬೋರ್ಡಿಂಗ್‌ಗೆ ಮುಂಚೆ ನಿಮ್ಮ ಬ್ಯಾಗ್ ಯಾವುದು ಅಂತ ನೀವೇ ಬೆರಳು ಮಾಡಿ ತೋರಿಸಿ ಅಂತ ಕೇಳಿದರೆ ಗಾಬರಿಯಾಗಬೇಡಿ, ತೋರಿಸದ ಬ್ಯಾಗ್ ಅಲ್ಲೇ ಉಳಿಯುತ್ತದೆ. ಅದಕ್ಕೇ ಬ್ಯಾಗಿನ ಹಿಡಿಕೆಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ದೂರದಿಂದ ಗುರುತಾಗುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಅತ್ತೆಯವರು ಬುತ್ತಿ ಕಟ್ಟದೆ ಬಿಡುವುದಿಲ್ಲ, ಅಲ್ವಾ? ಕಟ್ಟಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಲಡಾಖ್‌ಗೆ ಹೇಳಿ ಮಾಡಿಸಿದ್ದು, ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದೂ ಇಲ್ಲ. ಖಾರದ ಪುಡಿ, ಹಿಂಡಿ, ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿ ಹಾಕಿ, ಕೈಚೀಲದಲ್ಲಿದ್ದರೆ ತೆಗೆಸುತ್ತಾರೆ. ಒಣ ಕೊಬ್ಬರಿ ಬಟ್ಟಲು ಬೇಡ, ಅದರ ಎಣ್ಣೆಗೆ ಬೆಂಕಿ ಹತ್ತುತ್ತದೆ ಅಂತ ಬಿಡುವುದಿಲ್ಲ. ಹಿಂಡಿಯ ಪ್ಯಾಕೆಟ್ ಗಾಳಿ ಬಿಗಿದು ಕಟ್ಟಬೇಡಿ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಪ್ಯಾಕೆಟ್ ಪೂರಿ ಹಾಗೆ ಉಬ್ಬುತ್ತದೆ, ಅಂಟು ಬಿಟ್ಟರೆ ಸ್ವೆಟರಿಗೆಲ್ಲ ಖಾರ. ಡಬ್ಬಿಯಲ್ಲಿ ಹಾಕಿ, ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ.

ಕೊನೆಗೆ ಹೆಸರು. ನಮ್ಮ ಕಡೆ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಕೆಲವೊಮ್ಮೆ ತಂದೆಯ ಹೆಸರು, ಕೆಲವೊಮ್ಮೆ ಗಂಡನ ಹೆಸರು, ಅಡ್ಡಹೆಸರು ಒಮ್ಮೆ ಹಿಂದೆ ಒಮ್ಮೆ ಮುಂದೆ ಇರುತ್ತದೆ. ಟಿಕೆಟ್ ಫಾರ್ಮ್‌ನಲ್ಲಿ ಮನೆಯಲ್ಲಿ ಕರೆಯುವ ಹಾಗೆ ಬರೆದು, ಗೇಟಿನಲ್ಲಿ ನಿಂತ ಸಿಐಎಸ್‌ಎಫ್ (ಏರ್‌ಪೋರ್ಟ್ ಕಾಯುವ ಭದ್ರತಾ ಪಡೆ) ಯೋಧನಿಗೆ ವಿವರಿಸಲು ಹೋಗಬೇಡಿ. ನಾಲ್ಕೂ ಆಧಾರ್ ಕಾರ್ಡ್ ಮುಂದಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ, ಯಜಮಾನರ ಹತ್ತಿರ ಒಮ್ಮೆ ಓದಿಸಿ. ಆಮೇಲೆ ದುಡ್ಡು ಕಟ್ಟಿ. ಲೇಹ್‌ದು ಮೊದಲು.